ಯಾರ ಮನೆಯ ಕಸ

ಪೋಚಮ್ಮ ಕಸಬರಿಗೆಯ ಬುಡವನ್ನು ಕಲ್ಲಿಗೆ ಕುಟ್ಟಿ ಕಡ್ಡಿ ಬಿಗಿ ಮಾಡಿಕೊಂಡ ಸದ್ದಿಗೆ ಪ್ರಹ್ಲಾದರಾಯ ಬೆಚ್ಚಿಬಿದ್ದ. ಹನ್ನೊಂದು ವರ್ಷದಿಂದ ದಿನಾ ಬೆಳಿಗ್ಗೆ ಕೇಳಿದ ಸದ್ದು ಅದು. ನಾರಾಯಣಪೇಟೆಯ ಓಣಿಗಳಲ್ಲಿ ಅವಳ ಕಸದ ಗಾಡಿಯ ಹಿಂದೆ ನಾಲ್ಕು ಮಾರು ದೂರ ಬಿಟ್ಟು ನಡೆಯುವುದು, ಯಾರು ಎಲ್ಲಿ ಏನು ಚೆಲ್ಲಿದ್ದಾರೆಂದು ನೋಡುವುದು, ಇದೇ ಅವನ ನೌಕರಿ. ಊರಿನ ಸಫಾಯಿ ದರೋಗಾ. ಆದರೆ ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ಸರ್ಕಾರ ಬಿದ್ದು ಮೂರು ತಿಂಗಳಾಗುತ್ತ ಬಂದಿದ್ದರೂ ಅವನಿಗೆ ಯಾವ ಸದ್ದೂ ಹಳೆಯ ಸದ್ದಿನಂತೆ ಕೇಳುತ್ತಿರಲಿಲ್ಲ. ಹಿಂದಿನಿಂದ ಯಾರಾದರೂ ಕೆಮ್ಮಿದರೆ ತನ್ನ ಹೆಸರು ಕೂಗಿದರು ಅನಿಸುತ್ತಿತ್ತು. ಮಿಲಿಟರಿ ಲಾರಿ ಓಣಿಗೆ ತಿರುಗಿದರೆ ತನ್ನ ಮನೆಯ ಮುಂದೆಯೇ ನಿಲ್ಲುತ್ತದೆ ಅನಿಸುತ್ತಿತ್ತು. ನಿಲ್ಲುತ್ತಿರಲಿಲ್ಲ. ನಿಲ್ಲದೆ ಹೋದದ್ದಕ್ಕೆ ಸಮಾಧಾನವೂ ಆಗುತ್ತಿರಲಿಲ್ಲ, ಯಾಕೆಂದರೆ ಅದು ಬೇರೆ ಯಾರದೋ ಮನೆಯ ಮುಂದೆ ನಿಂತಿರುತ್ತಿತ್ತು, ಮತ್ತು ನಾಳೆ ಎಂಬುದು ಇದ್ದೇ ಇತ್ತು. ಅವನು ಕೋಟಿನ ಕಿಸೆಗೆ ಎರಡೂ ಕೈ ಹಾಕಿಕೊಂಡ. ಮಾರ್ಗಶಿರದ ಚಳಿಗೆ ನಡುಗುತ್ತಿದ್ದಾನೆಂದು ನೋಡಿದವರು ತಿಳಿದುಕೊಳ್ಳಲಿ.

ಇವತ್ತು ಅಗಸೆಯ ತಿಪ್ಪೆ ಎತ್ತುವ ದಿನ. ಊರಬಾಗಿಲ ಹೊರಗೆ, ಅವನ ಅಜ್ಜನ ಕಾಲದಿಂದಲೂ ಅಲ್ಲಿ ತಿಪ್ಪೆ ಇತ್ತು. ಹೊಸ ಸಾಹೇಬರು ಮುಂಬಯಿ ಇಲಾಖೆಯಿಂದ ಬಂದವರು, ಬೆಳಗಾವಿ ಕಡೆಯ ಮನುಷ್ಯ, ಬಂದ ಮೊದಲ ದಿನವೇ ಮೂಗಿಗೆ ಕರವಸ್ತ್ರ ಹಿಡಿದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸ್ವರಾಜ್ಯ ಇಲ್ಲಿಂದ ಶುರುವಾಗಬೇಕು ಎಂದಿದ್ದರು. ಮೂರು ದಿನ ಡಂಗುರ ಹೊಡೆಸಿದರು. ತಿಪ್ಪೆಯನ್ನೆಲ್ಲ ಗಾಡಿ ಕಟ್ಟಿ ಹೊರಗೆ ಒಯ್ದು ಸುಡುವುದು. ಆಮೇಲೆ ಅಲ್ಲಿ ಒಂದು ಎಲೆ ಹಾಕಿದವನಿಗೂ ಜುರ್ಮಾನೆ. ಯಾರು ಹಾಕಿದರೆಂದು ಗೊತ್ತಾಗುವುದು ಹೇಗೆ ಎಂದು ಯಾರೋ ಕೇಳಿದ್ದಕ್ಕೆ ಕಚೇರಿಯ ಜವಾನ ಮೊಗುಲಪ್ಪ ನಡುವೆ ಬಾಯಿ ಹಾಕಿ, "ನಮ್ಮ ದರೋಗಾ ಸಾಹೇಬರು ಕಸ ನೋಡಿ ಮನಿ ಹೇಳ್ತಾರ್ರಿ," ಎಂದುಬಿಟ್ಟ. ಸಾಹೇಬರು ತಿರುಗಿ ಮೊದಲ ಸಲ ಅವನ ಮುಖವನ್ನು ನೋಡಿದರು. ಹಾಗೆ ನೋಡಿಸಿಕೊಳ್ಳುವುದು ಬೇಡವಾಗಿತ್ತು. ಆದರೂ ಒಳಗೆಲ್ಲೋ ಒಂದಿಷ್ಟು ಹಿಗ್ಗು ಬಂದದ್ದು ಸುಳ್ಳಲ್ಲ.

ಮೊಗುಲಪ್ಪ ಹೇಳಿದ್ದೂ ಸುಳ್ಳಲ್ಲ. ನೇಕಾರ ಶ್ರೀರಾಮುಲುವಿನ ಮನೆಯ ಕಸದಲ್ಲಿ ಅವನ ಮಗ್ಗದ ಮೇಲಿರುವ ಸೀರೆಯ ಬಣ್ಣದ ನೂಲಿನ ತುಂಡು ಇರುತ್ತಿತ್ತು. ಈ ವಾರ ಯಾವ ಸೀರೆ ನೇಯುತ್ತಿದ್ದಾನೆಂದು ಪ್ರಹ್ಲಾದರಾಯ ಅವನ ಬಾಗಿಲು ತಟ್ಟದೆ ಹೇಳುತ್ತಿದ್ದ. ಅವನದೇ ಓಣಿಯ ಅನಂತಮ್ಮ ಊಟದೆಲೆಯನ್ನು ಜೋಳದ ಕಡ್ಡಿಯಿಂದ ಒತ್ತೊತ್ತಾಗಿ ಹಚ್ಚುತ್ತಾಳೆ, ಸಂಗಮ್ಮನದು ದೂರ ದೂರ, ಅವಸರದ ಹೆಂಗಸು. ಒಬ್ಬರ ಒಲೆಯಲ್ಲಿ ತೊಗರಿ ಕಟ್ಟಿಗೆಯ ಬೂದಿ, ಇನ್ನೊಬ್ಬರದರಲ್ಲಿ ಸಗಣಿ ಕುಳ್ಳಿನ ಬೂದಿ. ಜನ ಮಾತಿನಲ್ಲಿ ಸುಳ್ಳು ಹೇಳುತ್ತಾರೆ, ಕಸದಲ್ಲಿ ಹೇಳಲಾರರು. ಇದು ಅವನು ತಾನೇ ಕಂಡುಕೊಂಡ ವಿದ್ಯೆ, ಮತ್ತು ಅವನಿಗಿದ್ದ ಒಂದೇ ವಿದ್ಯೆ. ಮಕ್ತಲದಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದ ಅಣ್ಣ ನರಸಿಂಹಾಚಾರ್ಯ ತಂದೆಯ ಶ್ರಾದ್ಧದ ದಿನ ಪಂಕ್ತಿಯಲ್ಲಿ ಎಲ್ಲರೂ ಕೇಳುವಂತೆ, "ನಮ್ಮ ಪ್ರಹ್ಲಾದ ಬ್ಯಾರೆ ಶಾಸ್ತ್ರ ಓದ್ಯಾನ, ಕಸದ ಶಾಸ್ತ್ರ," ಎಂದಿದ್ದ. ಎಲ್ಲರೂ ನಕ್ಕರು. ಬಡಿಸುತ್ತಿದ್ದ ಅತ್ತಿಗೆ ಜಯಾಬಾಯಿಯೂ ಸೌಟು ಹಿಡಿದೇ ನಕ್ಕಳು. ಅವನೂ ನಕ್ಕ. ಆ ದಿನದ ಪಾಯಸದ ರುಚಿ ಅವನಿಗೆ ನೆನಪಿಲ್ಲ, ತಾನು ನಕ್ಕದ್ದು ನೆನಪಿದೆ. ತನ್ನ ಮನೆಯಲ್ಲೇ ದಿನವೂ ಹಿತ್ತಲ ಬಾಗಿಲಿಂದ ಬಂದು, ಬಾವಿಯ ಹತ್ತಿರ ತಲೆಯ ಮೇಲೆ ಎರಡು ಕೊಡ ನೀರು ಸುರಿದುಕೊಳ್ಳುವ ತನಕ ಹೆಂಡತಿ ಕಾಶೀಬಾಯಿ ಅವನ ಎದುರಿಗೂ ಬರುತ್ತಿರಲಿಲ್ಲ. ತಪ್ಪು ಅವಳದಲ್ಲ, ಮಡಿ ಎಂದರೆ ಮಡಿ. ಆದರೆ ಚಳಿಯಲ್ಲಿ ಒದ್ದೆ ಪಂಚೆಯಲ್ಲಿ ನಿಂತಾಗ ಅವನಿಗೆ ತಾನೇ ಒಂದು ಕಸ ಎಂದು ಎಷ್ಟೋ ಸಲ ಅನಿಸಿದೆ.

ಮತ್ತು ಆ ವಿದ್ಯೆಯೇ ಈಗ ಅವನ ಕೊರಳಿಗೆ ಸುತ್ತಿಕೊಂಡಿತ್ತು. ಮನೆಯ ಟ್ರಂಕಿನ ತಳದಲ್ಲಿ ಒಂದು ರೂಮಿ ಟೋಪಿ ಇತ್ತು, ಗೊಂಡೆ ಇಳಿಬಿಟ್ಟ ಕೆಂಪು ಉಣ್ಣೆಯದು. ನೌಕರಿ ಸಿಕ್ಕಾಗ ಹೈದರಾಬಾದಿನಿಂದ ತಂದದ್ದು. ಕಚೇರಿಗೆ ದೊಡ್ಡವರು ಯಾರಾದರೂ ಬಂದಾಗ ಶೇರ್ವಾನಿಯ ಜೊತೆ ಹಾಕಿಕೊಳ್ಳುತ್ತಿದ್ದ. ಎಷ್ಟೋ ಹಿಂದೂ ನೌಕರರು ಹಾಕುತ್ತಿದ್ದರು, ಅದರಲ್ಲೇನೂ ಇರಲಿಲ್ಲ. ಇದ್ದದ್ದು ಟೋಪಿಯ ಒಳಗೆ ಮಡಿಸಿಟ್ಟ ಹಸಿರು ಪಟ್ಟಿಯಲ್ಲಿ. ಆಗಸ್ಟಿನಲ್ಲಿ ಒಂದು ದಿನ ರಜಾಕಾರರ ಜಲ್ಸಾಕ್ಕೆ, ಅವರ ಸಭೆಗೆ, ಕಚೇರಿಯವರೆಲ್ಲ ಬರಬೇಕೆಂದು ಹೇಳಿ, ಬಾಗಿಲಲ್ಲಿ ನಿಂತವನೊಬ್ಬ ಎಲ್ಲರ ತೋಳಿಗೂ ಅರ್ಧಚಂದ್ರ ಬರೆದ ಹಸಿರು ಪಟ್ಟಿ ಕಟ್ಟಿದ. ಪ್ರಹ್ಲಾದರಾಯ ತೋಳು ಚಾಚಿದ. ಒಂದು ತಾಸು ಕಟ್ಟಿಕೊಂಡಿದ್ದ. ಮೂರು ಸಲ ಎಲ್ಲರ ಜೊತೆ ಘೋಷಣೆಯನ್ನೂ ಕೂಗಿದ್ದ, ಅದೂ ಸ್ವಲ್ಪ ಗಟ್ಟಿಯಾಗಿಯೇ, ಪಕ್ಕದವನಿಗೆ ಕೇಳಲಿ ಎಂದು. ಈಗ ಅಂಥ ಪಟ್ಟಿ ಸಿಕ್ಕವರನ್ನು ಪಾಲಮೂರಿನ ಮಿಲಿಟರಿ ಕ್ಯಾಂಪಿಗೆ ಒಯ್ಯುತ್ತಿದ್ದರು. ಒಯ್ದವರಲ್ಲಿ ತಿರುಗಿ ಬಂದವನನ್ನು ಅವನು ಇನ್ನೂ ಕಂಡಿರಲಿಲ್ಲ. ಬೇರೆಯವರಾಗಿದ್ದರೆ ಎಲ್ಲಾದರೂ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ಅವನಿಗೆ ಎಸೆಯುವುದು ಸಾಧ್ಯವಿರಲಿಲ್ಲ. ಕಸ ಬಾಯಿ ಬಿಡುತ್ತದೆಂದು ಊರಿನಲ್ಲಿ ಅವನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ. ಸುಟ್ಟರೆ ಉಣ್ಣೆಯ ಕಮರು ಓಣಿಯೆಲ್ಲ ಹರಡುತ್ತದೆ, ಬಾವಿಗೆ ಹಾಕಿದರೆ ತೇಲುತ್ತದೆ, ಹಿತ್ತಲಲ್ಲಿ ಹೂತರೆ ನಾಯಿ ಕೆದರುತ್ತದೆ. ದಿನಕ್ಕೊಂದು ಸಲ ಟ್ರಂಕು ತೆಗೆದು, ಇದೆಯೆಂದು ನೋಡಿ ಮುಚ್ಚುತ್ತಿದ್ದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಗಸೆಯ ಹತ್ತಿರ ಆಗಲೇ ಜನ ನೆರೆದಿದ್ದರು. ಮೂರು ಎತ್ತಿನ ಗಾಡಿ ನಿಂತಿದ್ದವು. ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿರಲಿಲ್ಲ, ಕೋಲೂರಿ ನಿಂತೇ ಇದ್ದರು. ಅವರು ಎಂದೂ ಗದರುತ್ತಿರಲಿಲ್ಲ, ಎಲ್ಲರಿಗೂ ಬಹುವಚನ ಕೊಟ್ಟು ಮಾತಾಡುತ್ತಿದ್ದರು. ಅದಕ್ಕೇ ಪ್ರಹ್ಲಾದರಾಯನಿಗೆ ಅವರೆಂದರೆ ಹೆಚ್ಚು ಹೆದರಿಕೆ. ಗದರುವವನ ಸಿಟ್ಟು ಎಲ್ಲಿ ಮುಗಿಯುತ್ತದೆಂದು ಗೊತ್ತಾಗುತ್ತದೆ. "ಬನ್ನಿರಿ ದರೋಗಾ. ಇದನ್ನು ನೋಡಿರಿ. ಇಷ್ಟು ಹೇಳಿದ ಮೇಲೂ ಯಾರೋ ಹಾಕಿದ್ದಾರೆ," ಎಂದು ಕೋಲಿನಿಂದ ತೋರಿಸಿದರು. ತಿಪ್ಪೆಯ ಮೇಲೆ, ಬೂದಿಯ ಒಂದು ಗುಪ್ಪೆಯಲ್ಲಿ ಅರ್ಧ ಹೂತಂತೆ, ಬಟ್ಟೆಯ ಗಂಟೊಂದು ಬಿದ್ದಿತ್ತು. "ನಿನ್ನೆಯದಿರಬಹುದೇ?"

ಅಲ್ಲ ಎಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಸುಮ್ಮನಿರಬಹುದಿತ್ತು. ನಿನ್ನೆಯದು ಎಂದಿದ್ದರೆ ಅದನ್ನೂ ಉಳಿದ ಕಸದ ಜೊತೆ ಗಾಡಿಗೆ ತುಂಬುತ್ತಿದ್ದರು, ಸುಡುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ದಿನಕ್ಕೆ ನೂರು ಸಲ ಅವನು ಈ ಒಂದು ಗಳಿಗೆಗೆ ತಿರುಗಿ ಬರಲಿದ್ದ. ಆದರೆ ನೆರೆದ ಜನ ತನ್ನ ಬಾಯಿ ನೋಡುತ್ತಿದ್ದರು. ಪೇಟೆಯ ಸಾಹುಕಾರ ಅಯ್ಯಣ್ಣ ಕೂಡ ಶಾಲು ಹೊದ್ದು ನಿಂತು ನೋಡುತ್ತಿದ್ದ. ಮಕ್ತಲದ ಅಣ್ಣ ಇಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಒಂದು ಹುಚ್ಚು ಆಸೆಯೂ ಬಂತು. "ಇಲ್ಲರೀ ಸಾಹೇಬರೆ," ಎಂದ. ದನಿ ತನ್ನದಲ್ಲವೆಂಬಂತೆ ಸ್ಪಷ್ಟವಾಗಿತ್ತು. "ಸುತ್ತ ಎಲ್ಲಾದರ ಮ್ಯಾಲೂ ಇಬ್ಬನಿ ಬಿದ್ದದ. ಈ ಗಂಟಿನ ಮ್ಯಾಲೆ ಇಲ್ಲ. ಇವತ್ತು ನಸುಕು ಹರಿದ ಮ್ಯಾಲೆ ಹಾಕಿದ್ದು."

"ಭೇಷ್," ಎಂದರು ಸಾಹೇಬರು. "ಯಾರು?"

ಅವನು ಬಗ್ಗಿದ. ಬಟ್ಟೆಯನ್ನು ಮುಟ್ಟದೆ, ಕಡ್ಡಿಯಿಂದ ಹೊರಳಿಸಿದ. ಹಳೆಯ ಬಟ್ಟೆ, ಅದರ ಮೇಲೆ ಕೆಂಪಿನ, ಹಸಿರಿನ, ಅರಿಸಿನದ ಬೊಟ್ಟುಗಳು, ಒಂದರ ಮೇಲೊಂದು ಬಿದ್ದು ಅಂಚು ಕಪ್ಪಾದವು. ಮನಸ್ಸು ತನ್ನ ಪಾಡಿಗೆ ತಾನು ಓಡತೊಡಗಿತು, ಅದನ್ನು ಹಿಡಿದು ನಿಲ್ಲಿಸುವ ಬುದ್ಧಿ ಅವನಿಗೆ ಬರಲಿಲ್ಲ. "ಇದು ಬಣ್ಣ ಹಾಕೋರು ಕೈ ಒರಸೋ ಬಟ್ಟಿರೀ. ಊರಾಗ ಬಣ್ಣದ ಮನಿ ಮೂರು. ಇಬ್ಬರದು ಬರೇ ನೀಲಿ, ಕರೀದು. ಈ ಕೆಂಪು, ಈ ಹಸಿರು ಎರಡೂ ಇರೋದು ಒಬ್ಬನ ಮನಿಯಾಗ. ದಸ್ತಗೀರ." ಜನರಲ್ಲಿ ಒಂದು ಗುಜುಗುಜು ಎದ್ದಿತು, ಮೆಚ್ಚುಗೆಯದು. ಅವನ ಬೆನ್ನು ನೆಟ್ಟಗಾಯಿತು. ಸಾಹೇಬರು ಮೊಗುಲಪ್ಪನಿಗೆ, "ಬಿಚ್ಚಿರಿ," ಎಂದರು.

ಗಂಟು ಬಿಚ್ಚಿತು. ಮೊದಲು ಒಣಗಿದ ತುಳಸಿಯ ಕಡ್ಡಿ ಎರಡು ಉದುರಿದವು. ಆಮೇಲೆ ಟೋಪಿ ಉರುಳಿ ಬಿತ್ತು, ಕೆಂಪಗೆ, ಕರಿ ಗೊಂಡೆಯೊಂದಿಗೆ. ಕರಿ ಗೊಂಡೆಯಲ್ಲಿ ಒಂದೇ ಒಂದು ಕೆಂಪು ಎಳೆ ಇತ್ತು. ಹಳೆಯ ಗೊಂಡೆ ಹರಿದಾಗ ಕಾಶೀಬಾಯಿ ಶ್ರೀರಾಮುಲುವಿನ ಮನೆಯಿಂದ ರೇಷ್ಮೆಯ ಚೂರು ಬೇಡಿ ತಂದು, ಕರಿಯದು ಸಾಲದೆ ಒಂದು ಕೆಂಪು ಸೇರಿಸಿ ಕಟ್ಟಿದ್ದಳು. ಪ್ರಹ್ಲಾದರಾಯನಿಗೆ ಕಿವಿಯಲ್ಲಿ ನೀರು ತುಂಬಿದಂತೆ ಎಲ್ಲ ಸದ್ದೂ ದೂರವಾಯಿತು. ಮೊಗುಲಪ್ಪ ಟೋಪಿಯೊಳಗೆ ಬೆರಳು ಹಾಕಿ ಹಸಿರು ಪಟ್ಟಿಯನ್ನು ಎಳೆದು, ಎಲ್ಲರಿಗೂ ಕಾಣುವಂತೆ ಬಿಡಿಸಿ ಹಿಡಿದ.

ಹೆಚ್ಚು ಹೊತ್ತು ಬೇಕಾಗಿರಲಿಲ್ಲ, ಒಂದು ಮಾತು ಸಾಕಿತ್ತು. ತಪ್ಪಾಯಿತು ಸಾಹೇಬರೆ, ಬಟ್ಟೆ ಅವನದು, ಟೋಪಿ ನನ್ನದು. ಅವನು ಆ ಮಾತನ್ನು ಒಳಗೆ ಪೂರ್ತಿ ಕಟ್ಟಿಯೂ ಇದ್ದ. ನಾಲಿಗೆಯ ತನಕ ಬಂದ ಮಾತು ಹಲ್ಲಿನ ಹಿಂದೆ ನಿಂತುಬಿಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವನ ಕೈ ತಾನಾಗಿ ತಲೆಗೆ ಹೋಯಿತು, ಅಲ್ಲಿ ಬರಿಯ ಉಣ್ಣೆಯ ಮಫ್ಲರು ಇತ್ತು. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ. ಪೋಚಮ್ಮ ನೋಡುತ್ತಿದ್ದಳು. ಅವನನ್ನಲ್ಲ, ಕೆಳಗೆ ಬಿದ್ದ ತುಳಸಿಯ ಕಡ್ಡಿಯನ್ನು, ಆಮೇಲೆ ಆ ಬೂದಿಯ ಗುಪ್ಪೆಯನ್ನು. ಕುಳ್ಳಿನ ಬೂದಿ, ಅದರಲ್ಲಿ ರಂಗೋಲಿಯ ಪುಡಿ ಬೆರೆತದ್ದು. ಆ ಬೂದಿಯನ್ನು ಅವಳು ಹನ್ನೊಂದು ವರ್ಷದಿಂದ ದಿನಾ ಅವನ ಹಿತ್ತಲಿನಿಂದ ಎತ್ತುತ್ತಿದ್ದಳು. ಓದು ಅವನೊಬ್ಬನಿಗೇ ಬರುತ್ತದೆಂದು ಯಾಕೆ ತಿಳಿದುಕೊಂಡಿದ್ದನೋ.

"ದಸ್ತಗೀರ ಎಂಬವರನ್ನು ಕರೆದುಕೊಂಡು ಬನ್ನಿ," ಎಂದರು ಸಾಹೇಬರು.

ಮೊಗುಲಪ್ಪ ಹೋದ. ಬಣ್ಣದ ಓಣಿ ಹತ್ತಿರವೇ ಇತ್ತು, ಬೀಡಿ ಸೇದಿ ಮುಗಿಸುವಷ್ಟು ದೂರ. ಅಷ್ಟು ಹೊತ್ತು ಅವನಿಗಿತ್ತು. ಕಾಶೀ, ಇದೇನು ಮಾಡಿದೆ ಎಂದು ಒಳಗೇ ಕೂಗಿಕೊಂಡ. ರಾತ್ರಿ ಊಟಕ್ಕೆ ಕೂತಾಗ ಹೇಳಿದವನು ತಾನೇ, ನಾಳೆ ತಿಪ್ಪೆಯನ್ನೆಲ್ಲ ಒಯ್ದು ಸುಡುತ್ತಾರೆಂದು. ಆ ಬಟ್ಟೆ. ಎರಡು ವರ್ಷದ ಹಿಂದೆ, ಸುಭೆಯ ಕಚೇರಿಯಿಂದ ದೊಡ್ಡ ಅಧಿಕಾರಿ ಬರುವ ಸುದ್ದಿ ಬಂದಾಗ ಟೋಪಿಯ ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ಗಟಾರಿಗೆ ಬಣ್ಣದ ನೀರು ಬಿಟ್ಟದ್ದಕ್ಕೆ ದಸ್ತಗೀರನನ್ನು ಬೈಯಲು ಹೋದವನು ಆ ಟೋಪಿಯನ್ನೇ ಕೈಯಲ್ಲಿ ಹಿಡಿದಿದ್ದ. "ಬೈರಿ ರಾಯರ, ಬೈರಿ. ಮೊದಲ ಅದನ್ನ ಇಲ್ಲಿ ಕೊಡ್ರಿ. ಇಂಥಾ ಟೋಪಿ ಹಾಕ್ಕೊಂಡು ಬೈದ್ರ ಯಾರು ಅಂಜ್ತಾರ?" ಎಂದು ನಕ್ಕು, ಕಸಿದುಕೊಂಡು, ಹಂಡೆಯಲ್ಲಿ ಅದ್ದಿದ್ದ. ಮರುದಿನ ತನ್ನ ಕೈ ಒರೆಸುವ ಬಟ್ಟೆಯಲ್ಲೇ ಸುತ್ತಿ ಮನೆಗೆ ತಂದು ಕೊಟ್ಟ. ಬಟ್ಟೆ ಮನೆಯಲ್ಲೇ ಉಳಿಯಿತು, ಪ್ರಹ್ಲಾದರಾಯ ಅದನ್ನು ಮರೆತೇಬಿಟ್ಟಿದ್ದ. ಗಟಾರಿನ ನೀರಿನ ಮಾತು ಅಲ್ಲಿಗೇ ನಿಂತಿತು. ಆ ಓಣಿಯ ಗಟಾರು ಒಂದು ದಿನ ಕೆಂಪು, ಒಂದು ದಿನ ಹಸಿರು ಹರಿಯುತ್ತಲೇ ಇತ್ತು. ಹೊಸ ಸಾಹೇಬರು ಶುಚಿ ಮಾಡಿಸಬೇಕೆಂದವುಗಳಲ್ಲಿ ಅದೂ ಸೇರಿತ್ತು. ಈಗ ಹೇಳು, ಈಗ ಹೇಳು ಎಂದು ತನಗೆ ತಾನೇ ಹೇಳಿಕೊಳ್ಳುತ್ತ, ಮೊಗುಲಪ್ಪ ತಿರುಗಿ ಬರುವ ದಾರಿಯನ್ನೇ ನೋಡುತ್ತ ನಿಂತ. ದಸ್ತಗೀರ ಮನೆಯಲ್ಲಿ ಇಲ್ಲದಿರಲಿ ರಾಯರೇ, ಧರೂರಿಗೆ ಹೋಗಿರಲಿ, ಗದ್ವಾಲಿಗೆ ಹೋಗಿರಲಿ ಎಂದು ಮಂತ್ರಾಲಯದ ಸ್ವಾಮಿಗಳಿಗೆ ಮೊರೆಯಿಟ್ಟ. ಹರಕೆಯಲ್ಲೂ ಅವನು ನಿಜ ಹೇಳುವ ಧೈರ್ಯ ಕೇಳಿಕೊಳ್ಳಲಿಲ್ಲ.

ದಸ್ತಗೀರ ಬಂದ. ಮೊಣಕೈ ತನಕ ಕೆಂಪು ಕೈ. ದೊಡ್ಡ ತಲೆ, ದೊಡ್ಡ ಮೈ, ಮೂರು ತಿಂಗಳಲ್ಲಿ ಇಳಿದುಹೋಗಿದ್ದ. ಎಲ್ಲರಿಗೂ ಸಲಾಂ ಮಾಡಿದ, ಪ್ರಹ್ಲಾದರಾಯನಿಗೆ ಬೇರೆಯಾಗಿ ಮಾಡಿದ. "ಏನ್ ಹುಕುಂ ಐತ್ರೀ ಸಾಹೇಬ? ಗಟಾರ್ ನೀರಿಂದು ಇದ್ರ, ನಾ ಇವತ್ತ ಗುಂಡಿ ತೋಡಾಕ ಹಚ್ಚೀನ್ರೀ."

"ಇದು ನಿಮ್ಮದೇ?" ಎಂದು ಸಾಹೇಬರು ಬಟ್ಟೆಯನ್ನು ತೋರಿಸಿದರು.

"ಬಟ್ಟಿ ನಂದ ಐತ್ರೀ," ಎಂದ ದಸ್ತಗೀರ. ಹೇಳಿ ಮುಗಿಸಿದ ಮೇಲೆ ಅವನ ಕಣ್ಣು ಟೋಪಿಯ ಮೇಲೆ ಬಿತ್ತು. ತಾನೇ ಹಾಕಿದ ಬಣ್ಣವನ್ನು ಬಣ್ಣದವನು ಮರೆಯುವುದಿಲ್ಲ. ಅವನು ಟೋಪಿಯನ್ನು ನೋಡಿದ, ಗೊಂಡೆಯನ್ನು ನೋಡಿದ, ಹಸಿರು ಪಟ್ಟಿಯನ್ನು ನೋಡಿದ, ಕೊನೆಗೆ ಪ್ರಹ್ಲಾದರಾಯನನ್ನು ನೋಡಿದ. ಆ ನೋಟ ಬಹಳ ಹೊತ್ತಿನದಲ್ಲ. ಅದರಲ್ಲಿ ಸಿಟ್ಟಿದ್ದರೆ ಪ್ರಹ್ಲಾದರಾಯ ತಡೆದುಕೊಳ್ಳುತ್ತಿದ್ದ. ಇದ್ದದ್ದು ಹೆದರಿಕೆ, ತನ್ನದೇ ಹೆದರಿಕೆ, ಅದೇ ಅಳತೆಯದು. ಎರಡು ಮನೆಯ ಬಾವಿಯಲ್ಲಿ ಒಂದೇ ನೀರು ಸಿಕ್ಕಂತೆ.

"ಟೋಪಿ?"

ದಸ್ತಗೀರ ಸಾಹೇಬರ ಕಡೆ ತಿರುಗಿದ. "ಅದೂ ನಂದ್ರೀ."

"ಹಾಕಿಕೊಳ್ಳಿ ನೋಡೋಣ."

ಕೆಂಪು ಕೈಗಳು ಟೋಪಿಯನ್ನು ಎತ್ತಿದವು. ಪ್ರಹ್ಲಾದರಾಯನ ತಲೆ ಸಣ್ಣದು, ಹೈದರಾಬಾದಿನ ಅಂಗಡಿಯವನು ಮಕ್ಕಳ ಟೋಪಿಗಳಲ್ಲಿ ಹುಡುಕಿ ಕೊಟ್ಟಿದ್ದ. ಅದು ದಸ್ತಗೀರನ ತಲೆಯ ಮೇಲೆ ಇಳಿಯದೆ, ಗಡಿಗೆಯ ಮೇಲೆ ಬಟ್ಟಲು ಇಟ್ಟಂತೆ ನೆತ್ತಿಯಲ್ಲಿ ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಹುಬ್ಬು ಮೇಲೇರಿತು. ಸಿಕ್ಕಿತು, ಈಗ ತಿಳಿಯಿತು ಎಂದುಕೊಂಡ ಪ್ರಹ್ಲಾದರಾಯ. ಮುಗಿಯಿತಲ್ಲ ಎಂದು ಒಂದು ಬಗೆಯ ಬಿಡುಗಡೆಯೂ ಆಯಿತು. ಆಗ ದಸ್ತಗೀರ ನೆಲ ನೋಡುತ್ತ, "ಹಂಡೇದಾಗ ಬಿದ್ದು ಕುಗ್ಗೈತ್ರೀ ಸಾಹೇಬ. ಉಣ್ಣಿ ಮಾಲು. ಬಿಸಿ ನೀರು ಬಿದ್ರ ಸಣ್ಣದಾಗತೈತಿ," ಎಂದ.

ಸಾಹೇಬರಿಗೆ ಅದು ಸರಿಯೆನಿಸಿತು. ಬಣ್ಣದವನ ಮಾತು, ಬಟ್ಟೆಯ ವಿಷಯ. ಪಂಚನಾಮೆ ಬರೆಯಲು ಕಾಗದ ತಂದರು, ಬರೆಯುವವನು ಪ್ರಹ್ಲಾದರಾಯನೇ. ಬಟ್ಟೆಯ ಗಂಟು ಒಂದು, ರೂಮಿ ಟೋಪಿ ಒಂದು, ಹಸಿರು ಪಟ್ಟಿ ಒಂದು ಎಂದು ಬರೆದ. ತುಳಸಿಯ ಕಡ್ಡಿಯನ್ನು ಬರೆಯಲಿಲ್ಲ. ಅಕ್ಷರ ದುಂಡಗೆ ಬಂದವು. ಮಧ್ಯಾಹ್ನ ಪಾಲಮೂರಿಗೆ ಹೊರಟಿದ್ದ ಲಾರಿಯಲ್ಲಿ ಕಳಿಸಬೇಕೆಂದು ತೀರ್ಮಾನವಾಯಿತು. ಅಲ್ಲಿಯ ತನಕ ಚೌಕಿಯಲ್ಲಿ. ಕರೆದೊಯ್ಯುವಾಗ ದಸ್ತಗೀರ ಅವನ ಪಕ್ಕದಲ್ಲೇ ಹಾದುಹೋಗಬೇಕಿತ್ತು. ನಿಂತ. ಬರೆದ ಕಾಗದಕ್ಕೆ ಬೆರಳೊತ್ತುವ ನೆಪದಲ್ಲಿ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದ: "ನಿಮ್ಮ ಹೆಸರು ಹೇಳಿದ್ರ ನನ್ನ ಯಾರ್ ನಂಬ್ತಾರ್ರಿ ರಾಯರ? ರಾಯರ ಮ್ಯಾಲ ಸುಳ್ಳು ಹೇಳಿದಾಂತ ಇನ್ನೆರಡು ಹೊಡೀತಾರ." ಬೆರಳಿಗೆ ಮಸಿ ಬೇಕಾಗಲಿಲ್ಲ, ಕೆಂಪೇ ಕಾಗದದ ಮೇಲೆ ಮೂಡಿತು. ಆಮೇಲೆ ಸ್ವಲ್ಪ ಗಟ್ಟಿಯಾಗಿ, ದಿನದ ಮಾತಿನಂತೆ, "ಹಂಡೇದಾಗ ಶ್ರೀರಾಮುಲಂದು ನೂಲ್ ಐತ್ರೀ, ಕೆಂಪು. ಒಲಿ ಹತ್ತೈತಿ. ಮನ್ಯಾಗ ಯಾರೂ ಇಲ್ಲ, ನಮ್ಮಾಕಿ ತವರಮನಿಗೆ ಹೋಗ್ಯಾಳ. ಹೊಳ್ಳಿ ಹೋಗೂವಾಗ ಒಲಿ ಆರಿಸಿ ಹೋಗ್ರಿ, ಅಷ್ಟ," ಎಂದ.

ಅವನು ತಲೆಯಾಡಿಸಿದ. ಆಡಿಸಿದ್ದು ಅವನಿಗೆ ಖಚಿತವಾಗಿ ನೆನಪಿದೆ. ಗಾಡಿಗಳು ತುಂಬಿದವು, ಹೋದವು, ಬಂದವು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಅಜ್ಜನ ಕಾಲದ ತಿಪ್ಪೆಯ ಜಾಗದಲ್ಲಿ ಕರಿಯ ಒದ್ದೆ ನೆಲ ಮೇಲೆದ್ದು ಬಂದಿತ್ತು, ಅದರ ಮೇಲೆ ಸುಣ್ಣ ಚೆಲ್ಲಿದರು. ಮನೆಗೆ ಹೋಗಲು ಎರಡು ದಾರಿ. ಬಣ್ಣದ ಓಣಿಯ ಮೂಲೆಗೆ ಬಂದು ನಿಂತ. ಹತ್ತು ಹೆಜ್ಜೆ ಇಟ್ಟರೆ ದಸ್ತಗೀರನ ಬಾಗಿಲು, ಒಂದು ಚೊಂಬು ನೀರು ಎರಚಿದರೆ ಕೆಲಸ ಮುಗಿಯುತ್ತಿತ್ತು. ಆದರೆ ಆ ಮನೆಯಿಂದ ತಾನು ಹೊರಬರುವುದನ್ನು ಯಾರಾದರೂ ನೋಡಿದರೆ? ಯಾಕೆ ಹೋಗಿದ್ದ, ಏನು ಅಡಗಿಸಿದ, ಇವರಿಬ್ಬರಿಗೆ ಏನು ಸಂಬಂಧ? ಎದುರಿನ ಕಟ್ಟೆಯ ಮೇಲೆ ಯಾವಳೋ ಮುದುಕಿ ಅಕ್ಕಿ ಆರಿಸುತ್ತ ಕೂತಿದ್ದಳು, ಕಣ್ಣು ಕಾಣುತ್ತದೋ ಇಲ್ಲವೋ, ಆದರೂ ಕೂತಿದ್ದಳು. ಅವನು ಇನ್ನೊಂದು ದಾರಿ ಹಿಡಿದ. ಮನುಷ್ಯ ಇಷ್ಟು ಸಣ್ಣವನಾಗಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೆಜ್ಜೆ ನಿಲ್ಲಲಿಲ್ಲ.

ಹಿತ್ತಲ ಬಾವಿಯಲ್ಲಿ ಸ್ನಾನ ಮಾಡಿ ಒಳಗೆ ಬಂದಾಗ ಕಾಶೀಬಾಯಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. ಮಣೆ ಹಾಕಿದಳು. ಬಡಿಸುತ್ತ, "ಸುಟ್ಟ ಬಂದ್ರೇನು ಎಲ್ಲಾ?" ಎಂದು ಕೇಳಿದಳು.

"ಹ್ಞೂಂ."

"ಟ್ರಂಕು ನೋಡ್ಕೋರಿ ಬೇಕಾದ್ರ. ಖಾಲಿ ಮಾಡೀನಿ. ದಿನಾ ಅದನ್ನ ತಗದು ಮುಚ್ಚೋದು ನಾ ನೋಡಿಲ್ಲಂತ ತಿಳ್ಕೊಂಡೀರೇನು? ನಸುಕಿನ್ಯಾಗ ನೀರಿಗೆ ಹೋಗುವಾಗ ಬುಟ್ಟಿಯಾಗ ಬೂದಿ ಕೆಳಗ ಇಟ್ಟು ಒಯ್ದು ಹಾಕಿ ಬಂದೆ. ಪೀಡಾ ತೊಲಗಿತು." ಅವಳು ನಕ್ಕಳು. "ಒಂದು ಹುಳಾನೂ ನೋಡಿಲ್ಲ."

ಅವಳ ಮೇಲೆ ಒಂದು ಕ್ಷಣ ಅವನಿಗೆ ಎಂಥ ದ್ವೇಷ ಬಂತೆಂದರೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದ. ನನ್ನನ್ನು ಕೇಳಬೇಕಿತ್ತು, ಆ ಬಟ್ಟೆ ತೆಗೆದಿಡಬೇಕಿತ್ತು ಎನ್ನಬೇಕೆಂದುಕೊಂಡ. ಅವಳು ಗಂಡನನ್ನು ಉಳಿಸಿದ್ದಳು. ಉಳಿಸಬೇಕೆಂದೇ ಮಾಡಿದ್ದಳು, ಉಳಿಸಿಯೂ ಇದ್ದಳು. "ಯಾಕ್ರೀ, ಉಣ್ಣವಲ್ರಿ?" ಎಂದಳು. ಅಷ್ಟು ಹೊತ್ತಿಗೆ ಕಿಟಕಿಯಿಂದ ಕಮರು ವಾಸನೆ ಒಳಗೆ ಬಂತು, ಮೊದಲು ತೆಳ್ಳಗೆ, ಆಮೇಲೆ ಗಂಟಲಿಗೆ ಹತ್ತುವಷ್ಟು. "ಯಾರ ಮನಿಯಾಗೋ ಏನೋ ಸುಡಾಕತ್ತದ," ಎಂದು ಕಾಶೀಬಾಯಿ ಎದ್ದು ಕಿಟಕಿ ಮುಚ್ಚಿದಳು. ನೂಲು ಸುಟ್ಟರೆ ಹೇಗೆ ನಾರುತ್ತದೆಂದು ಅವನಿಗೆ ಗೊತ್ತಿತ್ತು. ಅನ್ನ ಕಲಸಿದ, ಉಂಡ, ಇನ್ನೊಂದು ಸಲ ಸಾರನ್ನೂ ಹಾಕಿಸಿಕೊಂಡ.

ಮರುದಿನ ಬೆಳಿಗ್ಗೆ ಸಾಹೇಬರು ಕಚೇರಿಗೆ ಹೋಗುವ ಮೊದಲೇ ಅಗಸೆಗೆ ಬಂದು ನಿಂತಿದ್ದರು. ಸುಣ್ಣದ ನೆಲ ಬೆಳ್ಳಗಿತ್ತು. ಇಲ್ಲಿ ಕಸ ಹಾಕಬಾರದು ಎಂದು ಪ್ರಹ್ಲಾದರಾಯನೇ ಬರೆದ ಹಲಗೆಯನ್ನು ನೆಟ್ಟಿದ್ದರು. ಒಂದು ಎಲೆ ಬಿದ್ದಿರಲಿಲ್ಲ. ಊರು ಹೆದರಿತ್ತು. "ಬಣ್ಣದ ಓಣಿಯ ಗಟಾರವನ್ನೂ ನೋಡಿದೆ," ಎಂದರು ಸಾಹೇಬರು, "ಪೂರ್ತಿ ಒಣಗಿದೆ. ಎಷ್ಟು ವರ್ಷದ ಹೊಲಸು, ಒಂದೇ ದಿನದಲ್ಲಿ. ನಿಮ್ಮ ಬಗ್ಗೆ ಮೇಲೆ ಬರೆಯುತ್ತೇನೆ ದರೋಗಾ." ಅವನು ಕೈ ಮುಗಿದ. ಪಾಲಮೂರಿನಿಂದ ಏನಾದರೂ ಸುದ್ದಿ ಬಂತೇ ಎಂದು ಕೇಳಬೇಕೆಂದಿದ್ದ. ಕೇಳಿದರೆ ಯಾಕೆ ಕೇಳಿದ ಎನ್ನುತ್ತಾರೆಂದು ಕೇಳಲಿಲ್ಲ.

ಮನೆಯ ಓಣಿಗೆ ತಿರುಗಿದಾಗ ಕಾಶೀಬಾಯಿ ಹಿತ್ತಲ ಬಾಗಿಲಲ್ಲೇ ಕಾಯುತ್ತಿದ್ದಳು. "ಅಲ್ರೀ, ಪೋಚಮ್ಮಗ ಏನಾಗ್ಯದ? ಅನಂತಮ್ಮನ ಮನೀದು ಎತ್ತಿದಳು, ಸಂಗಮ್ಮನ ಮನೀದು ಎತ್ತಿದಳು. ನಮ್ಮದು ಬಿಟ್ಟು ಮುಂದಕ್ಕ ಹೋದಳು. ನಾ ಕೂಗಿದ್ರ ತಿರುಗಿ ಸುದ್ದಾ ನೋಡಲಿಲ್ಲ." ಗೋಡೆಯ ಮಗ್ಗುಲಲ್ಲಿ ಅವರ ಕಸದ ಬುಟ್ಟಿ ಹಾಗೆಯೇ ಇತ್ತು. ಸುತ್ತಲ ನೆಲವನ್ನು ಕಸಬರಿಗೆ ಚೊಕ್ಕಟವಾಗಿ ಗುಡಿಸಿತ್ತು, ಬುಟ್ಟಿಯ ಸುತ್ತ ಗೆರೆ ಕೊರೆದಂತೆ. ಮನೆಯಲ್ಲಿ ಬುಟ್ಟಿ ಇಡುವಂತಿಲ್ಲ, ಹಿತ್ತಲಲ್ಲಿ ಸುರಿಯುವಂತಿಲ್ಲ, ಅಗಸೆಯಲ್ಲಿ ಹಾಕುವಂತಿಲ್ಲ. ನಾಳೆ ಬಿಟ್ಟು ಹೋದರೆ? ನಾಡಿದ್ದು? ಯಾರಾದರೂ ಯಾಕೆ ಬಿಟ್ಟೆ ಎಂದು ಅವಳನ್ನು ಕೇಳಿದರೆ? ಅವನು ಬಗ್ಗಿ ಬುಟ್ಟಿಯನ್ನು ಎತ್ತಿಕೊಂಡ. ಕಾಶೀಬಾಯಿ, "ಅಯ್ಯ, ನೀವ್ಯಾಕ್ರೀ, ಥೂ," ಎಂದು ಬಾಯಿಗೆ ಸೆರಗು ಹಿಡಿದಳು. ಕಸವನ್ನು ಅವನು ಕೈಯಿಂದ ಮುಟ್ಟಿದ್ದು ಅದೇ ಮೊದಲು.

ಓಣಿಯ ಕೊನೆಯಲ್ಲಿ ಪೋಚಮ್ಮ ಗಾಡಿ ನಿಲ್ಲಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಅವನು ಬುಟ್ಟಿ ಹಿಡಿದು ಹತ್ತಿರ ಬರುವ ತನಕ ನೋಡುತ್ತಲೇ ಇದ್ದಳು. ನಾಲ್ಕು ಮಾರು ದೂರದಲ್ಲಿ ಅವನು ನಿಂತ. ಅಭ್ಯಾಸ.

"ಇದನ್ನ ಬಿಟ್ಟ ಬಂದೀ," ಎಂದ.

ಪೋಚಮ್ಮ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದಳು. "ಯಾವರ ಮನೀದು ದೊರಾ ಅದು?"

ಅವನಿಗೆ ಕೇಳಿಸಿತು, ಆದರೂ, "ಏನು?" ಎಂದ.

"ನಾಕೇಂ ತೆಲುಸು ದೊರಾ, ನನಗೇನ್ ಗೊತ್ತು? ನಿಮಗ ಗೊತ್ತಾಗತೈತಿ. ನೋಡಿ ಹೇಳ್ರಿ. ಯಾವರ ಮನೀದಂತ ಹೇಳಿದ್ರ ಎತ್ತತೀನಿ."

ಓಣಿಯ ಆಚೆ ಅನಂತಮ್ಮ ಬಾಗಿಲಿಗೆ ನೀರು ಚಿಮುಕಿಸುತ್ತಿದ್ದವಳು ಕೈ ನಿಲ್ಲಿಸಿದಳು. ಸಂಗಮ್ಮನ ಮನೆಯ ಕಿಟಕಿಯಲ್ಲಿ ಯಾರೋ ಇದ್ದರು. ದೂರದಲ್ಲಿ ಲಾರಿಯೊಂದು ಗೇರು ಬದಲಿಸಿದ ಸದ್ದು ಕೇಳಿತು. ಪ್ರಹ್ಲಾದರಾಯ ಬುಟ್ಟಿಯೊಳಗೆ ನೋಡಿದ. ಕುಳ್ಳಿನ ಬೂದಿ, ಅದರಲ್ಲಿ ರಂಗೋಲಿಯ ಬಿಳಿ ಪುಡಿ. ಒಣ ತುಳಸಿ. ತಾನೇ ಹಚ್ಚಿದ ಎರಡು ಊಟದೆಲೆ. ಬೂದಿಯ ಮೇಲೆ ಕರಿ ರೇಷ್ಮೆಯ ಒಂದು ಎಳೆ, ಅದಕ್ಕೆ ಸುತ್ತಿಕೊಂಡ ಒಂದು ಕೆಂಪು ಎಳೆ. ಟ್ರಂಕು ಜಾಡಿಸಿದಾಗ ಬಿದ್ದಿರಬೇಕು.

"ಗೊತ್ತಾಗವಲ್ದು ಪೋಚಮ್ಮ," ಎಂದ.

ಅವಳು ತಲೆಯಾಡಿಸಿ, ಗಾಡಿ ನೂಕಿಕೊಂಡು ಮುಂದಿನ ಓಣಿಗೆ ಹೋದಳು. ಅವನು ಬುಟ್ಟಿ ಹಿಡಿದು ಅಲ್ಲೇ ನಿಂತಿದ್ದ.